ಗುತ್ತಿಗೆ ಪತ್ರದಲ್ಲಿ ಇಲ್ಲದ ಮಾತು

ತಿರುಮಣಿ ಕಡೆಯ ಯತ್ತಪ್ಪನಿಗೆ ಒಂದು ಗಟ್ಟಿ ನಂಬಿಕೆ. ಸೋಲಾರ್ ಪಾರ್ಕಿಗೆ ಹೊಲ ಗುತ್ತಿಗೆ ಕೊಟ್ಟಾಗಿದೆ, ಮಕ್ಕಳಿಗೆ ಅಲ್ಲೇ ಒಳ್ಳೆ ಕೆಲಸ ಸಿಕ್ಕೇ ಸಿಗುತ್ತದೆ. ಗುತ್ತಿಗೆ ಪತ್ರವನ್ನು ದೇವರ ಫೋಟೋದ ಹಿಂದೆ ಇಟ್ಟು ದಿನಾ ಕೈಮುಗಿಯುತ್ತಿದ್ದ.

ಮಗಳು ಶಿವಲಕ್ಷ್ಮಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಎಲೆಕ್ಟ್ರಿಕಲ್ ಡಿಪ್ಲೊಮಾಗೆ ಅರ್ಜಿ ಹಾಕಲು ನಾಳೆಯೇ ಕೊನೆ ದಿನ. ಅಪ್ಪ ಸಹಿ ಹಾಕಲೊಲ್ಲ. ಅವಳು ಊರಿನ ಗ್ರಂಥಾಲಯ ನೋಡಿಕೊಳ್ಳುವ ರಾಧಾಮಣಿಯನ್ನು ಮನೆಗೆ ಕರೆತಂದಳು.

“ವೈರು, ಕರೆಂಟು ಹೆಣ್ಮಗೀಗ್ಯಾಕಮ್ಮ? ಅವಳಣ್ಣನಂಗೆ ಬಿ.ಎ. ಮಾಡ್ಲಿ. ಕೆಲ್ಸ ಪಾರ್ಕ್‌ನೋರು ಕೊಡ್ತಾರೆ,” ಎಂದ ಯತ್ತಪ್ಪ.

“ಅಂಗಂತ ಯಾರು ಹೇಳಿದ್ರು ಯತ್ತಪ್ಪಣ್ಣ?”

“ಪತ್ರದಾಗೇ ಐತೆ. ಬೇಕಾದ್ರೆ ಓದು.”

ರಾಧಾಮಣಿ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಸರ್ವೆ ನಂಬರಿತ್ತು, ಬಾಡಿಗೆಯ ಮಾತಿತ್ತು. ಕೆಲಸದ ಮಾತಿರಲಿಲ್ಲ.

“ಇನ್ನೊಂದ್ಸಲ ಓದಮ್ಮ,” ಎಂದ.

ಮತ್ತೆ ಓದಿದಳು. ಪಾಪ, ಇಷ್ಟು ವರ್ಷ ನಂಬಿಕೊಂಡವನು ಒಂದೇ ಸಲಕ್ಕೆ ಹೇಗೆ ಒಪ್ಪಿಯಾನು?

“ಯಾವ ಕೆಲ್ಸಕ್ಕೆ ಜನ ಬೇಕು ಅಂತ ಕಂಪನಿಯೋರನ್ನ ಕೇಳಿ ಸರ್ಕಾರ ಈಗ ಕೋರ್ಸ್ ತರ್ತಾ ಐತೆ ಕಣಣ್ಣ. ಕೆಲವು ಕಡೆ ಓದ್ತಾ ಓದ್ತಾನೇ ಕಂಪನಿಗೆ ಕಳ್ಸಿ ಕೆಲ್ಸ ಕಲಿಸ್ತಾರೆ. ಮುಗಿಸಿದ್ ತಕ್ಷಣ ಕೆಲ್ಸ ಗ್ಯಾರಂಟಿ ಅಂತ ನಾನು ಸುಳ್ಳು ಹೇಳಾಕಿಲ್ಲ. ಕಲೀದೆ ಹೋದ್ರೆ ಮಾತ್ರ ಮಿಷನ್ ಮುಟ್ಟಾಕೂ ಬುಡಾಕಿಲ್ಲ.”

ಮಗ ಶಿವರಾಜು ಒಳಗಿಂದ ಎದ್ದು ಬಂದ. ಬಿ.ಎ. ಮುಗಿಸಿ ಅದೇ ಪಾರ್ಕಿನಲ್ಲಿ ಹುಲ್ಲು ಕೊಯ್ಯುವ ಕೂಲಿಗೆ ಹೋಗುತ್ತಿದ್ದವನು ಅವನು.

“ಇವತ್ತು ಹುಲ್ಲು ಕೊಯ್ದಿದ್ದು ನಮ್ ಕಡ್ಲೆಕಾಯಿ ಹೊಲ್ದಾಗೇ ಅಪ್ಪಾ. ಅಲ್ಲಿ ಕರೆಂಟಿನ ಮಿಷನ್ ಕೆಟ್ಟಿತ್ತು. ರಿಪೇರಿಗೆ ಬಂದ ಹುಡ್ಗಿ ನಮ್ ಲಕ್ಷ್ಮಿಗಿಂತ ನಾಕೈದು ವರ್ಷ ದೊಡ್ಡೋಳಿರ್ಬೇಕು. ಪಕ್ಕಕ್ಕೆ ನಿಂತ್ಕಳಿ ಅಂದ್ಲು. ನಿಂತ್ಕಂಡೆ. ನಮ್ ಹೊಲ್ದಾಗೇ ಪಕ್ಕಕ್ಕೆ ನಿಂತ್ಕಂಡೆ.”

ಯತ್ತಪ್ಪನ ಕಣ್ಣು ತುಂಬಿತು.

“ನಿನ್ನ ಕಾಲೇಜಿಗೆ ಸೇರ್ಸೋವಾಗ ನಾನು ಯಾರನ್ನೂ ಒಂದ್ ಮಾತು ಕೇಳ್ಲಿಲ್ಲ ಕಣ್ಲಾ,” ಎಂದ. ಬಿ.ಎ. ಓದಿದ್ದು ತಪ್ಪಲ್ಲ, ವಿಚಾರಿಸದೆ ಸೇರಿಸಿದ್ದೇ ತಪ್ಪು ಎಂದು ಅವನಿಗೂ ಗೊತ್ತಾಯಿತು. ಪೆನ್ನು ಕೇಳಿ ಇಸಕೊಂಡು ಅರ್ಜಿಗೆ ಸಹಿ ಹಾಕಿದ.

ಮರುದಿನ ಅಪ್ಪ ಮಕ್ಕಳು ಮೂವರೂ ಅರ್ಜಿ ಕೊಡಲು ಬಸ್ಸು ಹತ್ತಿದರು. ಬರುವಾಗ ಶಿವರಾಜು ಐಟಿಐಗೆ ಹೋಗಿ ತನಗೂ ಒಂದು ಅರ್ಜಿ ತಂದ.

ತಾಯಂದಿರೇ, ತಂದೆಯರೇ, ಮಕ್ಕಳನ್ನು ಸೇರಿಸುವ ಮೊದಲು ಹತ್ತಿರದ ಕಾಲೇಜಿಗೆ, ಪಾಲಿಟೆಕ್ನಿಕ್‌ಗೆ, ಐಟಿಐಗೆ ಹೋಗಿ ಬಾಯಿಬಿಟ್ಟು ಕೇಳಿ. ಈ ಓದು ಯಾವ ಕೆಲಸ ಕಲಿಸುತ್ತದೆ? ಕೆಲಸದ ಜಾಗದಲ್ಲಿ ತರಬೇತಿ ಇದೆಯೇ? ಹೋದ ವರ್ಷ ಓದಿದವರು ಈಗ ಎಲ್ಲಿದ್ದಾರೆ? ನಿಮ್ಮ ಮಕ್ಕಳು ನಿಮ್ಮದೇ ನೆಲದಲ್ಲಿ ಪಕ್ಕಕ್ಕೆ ನಿಲ್ಲುವಂತಾಗುವುದು ಬೇಡ.