ಆನೆ ಬೋರ್ಡಿಗೆ ಜಾಗವಿಲ್ಲ

ವೀರನಹೊಸಹಳ್ಳಿ ರಸ್ತೆಯಲ್ಲಿ ಆನೆ ಬಂದರೆ ಕೆಂಪು ದೀಪ ಹೊತ್ತಿಸಿ ಎಚ್ಚರಿಸುವ ಆನೆ ಬೋರ್ಡು ಹತ್ತಿಲ್ಲವೆಂದು ತಹಸೀನಳಿಗೆ ತಿಳಿದದ್ದು ಅರಣ್ಯದ ಕಾವಲುಗಾರ ಕಂಠಪ್ಪನ ಫೋನಿನಿಂದ.

"ಎಂಜಿನಿಯರಮ್ಮ, ಐದಾರು ಆನೆ ರಸ್ತೆ ಪಕ್ಕಕ್ಕೇ ಬಂದ್ಬುಟ್ಟವೆ. ಬೋರ್ಡು ಮಾತ್ರ ಸತ್ತಂಗದೆ. ಕೆಂಪು ದೀಪ ಅತ್ತಿಲ್ಲ ಕಣವ್ವ."

"ನೀವು ಅಡ್ಡ ನಿಂತು ಗಾಡಿ ತಡೀರಿ ಕಂಠಪ್ಪ."

"ತಡೆಯಾಕೆ ನಾನು ಊರ್ ಕಡೆಗಿರ್ಬೇಕಲ್ಲ. ನಾನಿರೋದು ಕಾಡಿನ ಗೇಟ್ ಕಡೆ. ಮಧ್ಯದಲ್ಲಿ ಅವೇ ನಿಂತವೆ. ಸ್ವಲ್ಪ ದಾರಿ ಬುಡಿ ಅಂತ ಕೇಳನೇ?"

ತಹಸೀನ್ ನಗಲಿಲ್ಲ. ಅವಳ ತಂದೆ ಖದೀರ್ ಅದೇ ರಸ್ತೆಯಲ್ಲಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಗೂಡ್ಸ್ ಆಟೋದಲ್ಲಿ ಸೌದೆ ಸಾಗಿಸುವುದು ಅವರ ಕಸುಬು. ಹುಣಸೂರಿನಿಂದ ಹೊರಡುವಾಗ ಆ ದಾರಿಯಲ್ಲಿ ಹೋಗುವುದಾಗಿ ಮಗಳಿಗೆ ಹೇಳಿಯೇ ಹೊರಟಿದ್ದರು. ಅವಳು ಕರೆ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಎತ್ತುವುದಿಲ್ಲವೆಂದು ಅವಳಿಗೆ ಗೊತ್ತೇ ಇತ್ತು. ಹ್ಯಾಂಡಲ್ ಹಿಡಿದಾಗ ಫೋನು ಹರಾಮು ಎಂಬುದು ಖದೀರ್ ತಮಗೆ ತಾವೇ ವಿಧಿಸಿಕೊಂಡಿದ್ದ ಕಟ್ಟಳೆ. ಆ ಕತ್ತಲ ದಾರಿಯಲ್ಲಿ ಅವರು ನಂಬುತ್ತಿದ್ದುದು ಬೋರ್ಡನ್ನು ಮಾತ್ರ. ಅದನ್ನು ನಡೆಸುವವಳು ಮಗಳು ಎಂಬುದೇ ಆ ನಂಬಿಕೆಗೆ ಆಧಾರ.

ಅವಳು ಪರದೆಯತ್ತ ತಿರುಗಿದಳು. ಆನೆ ಬೋರ್ಡಿನ ಹೆಸರಿನ ಮುಂದೆ ಒಂದೇ ಪದ: ಪೆಂಡಿಂಗ್. ಕಾಡಂಚಿನ ಕ್ಯಾಮೆರಾಗಳು ಕಳಿಸಿದ ಚಿತ್ರಗಳು ರಾಶಿ ಬೀಳುತ್ತಿದ್ದವು. ಅವನ್ನು ನೋಡಿ ಆನೆಯನ್ನು ಗುರುತಿಸಬೇಕಾದ ಪ್ರೋಗ್ರಾಂ ಮಾತ್ರ ಹೊರಗೆ ನಿಂತಿತ್ತು. ಯಾವ ಯಂತ್ರದಲ್ಲೂ ಅದಕ್ಕೆ ಜಾಗವಿರಲಿಲ್ಲ.

ಜಾಗ ಇಲ್ಲದಂತೆ ಮಾಡಿದ್ದು ಯಾರೆಂದು ಅವಳಿಗೆ ಗೊತ್ತಿತ್ತು.

ಅವಳು ಕೆಲಸಕ್ಕಿದ್ದ ಹುಣಸೂರಿನ ಮಹಡಿಯ ಕಚೇರಿಯಲ್ಲಿ ಮೊನ್ನೆಯವರೆಗೆ ಮೂರು ಸರ್ವರ್‌ಗಳಿದ್ದವು. ಪಿರಿಯಾಪಟ್ಟಣದಿಂದ ಭೇರ್ಯದವರೆಗಿನ ಬ್ಯಾರನ್‌ಗಳ ಶಾಖದ ಲೆಕ್ಕ, ಕಲ್ಯಾಣಮಂಟಪಗಳ ನೇರಪ್ರಸಾರ, ಆನೆ ಬೋರ್ಡು, ಒಂದೊಂದೂ ತನ್ನದೇ ಕಂಟೇನರ್‌ಗಳಲ್ಲಿ, ಅಂದರೆ ಬೇರೆ ಬೇರೆ ಪೊಟ್ಟಣಗಳಲ್ಲಿ, ಅವುಗಳ ಮೇಲೆ ನಡೆಯುತ್ತಿತ್ತು. ಯಾವ ಕಂಟೇನರ್ ಯಾವ ಯಂತ್ರದಲ್ಲಿ ಕೂರಬೇಕೆಂದು ಗೊತ್ತುಮಾಡುವುದು ಶೆಡ್ಯೂಲರ್. ಅದಕ್ಕೆ ನಿಯಮ ಬರೆದವಳು ತಹಸೀನ್. ಆನೆ ಬೋರ್ಡು ಹಗಲೆಲ್ಲ ತೂಕಡಿಸಿದರೂ ಮುಸ್ಸಂಜೆ ಚಿತ್ರಗಳು ನುಗ್ಗುವ ಹೊತ್ತಿಗೆ ಬೇಕಾಗುವಷ್ಟು ಮೆಮೊರಿಯನ್ನು ಅವಳು ಅದಕ್ಕೆ ಸದಾ ಮೀಸಲಿಟ್ಟಿದ್ದಳು.

ಭೀಮನ ಅಮಾವಾಸ್ಯೆಯ ದಿನ ಮಾಲೀಕ ಶಶಿಕುಮಾರ್ ಅವಳ ಹಿಂದೆ ಬಂದು ನಿಂತಿದ್ದ.

"ಏನಮ್ಮ, ಖಾಲಿ ಬಸ್ಸಲ್ಲಿ ಮೂರು ಸೀಟಿಗೆ ಟವಲ್ ಹಾಕಿ ಕೂತಿದೀಯಲ್ಲ. ಯಂತ್ರದಲ್ಲಿ ಕಾಲು ಭಾಗಾನೂ ಕೆಲಸ ಇಲ್ಲ."

"ಆಷಾಢ ಸರ್. ಮದುವೆ ಇಲ್ಲ. ಅಮಾವಾಸ್ಯೆ ಕಳೀದೆ ಬ್ಯಾರನ್‌ಗೆ ಹೊಸ ಬೆಂಕಿ ಯಾರೂ ಹಾಕಲ್ಲ. ಇವತ್ತಿನ ಲೆಕ್ಕ ಹಿಡೀಬೇಡಿ. ಶ್ರಾವಣದ ಮೊದಲನೇ ಶುಕ್ರವಾರ ಎಲ್ಲಾ ಒಟ್ಟಿಗೆ ಬೀಳ್ತವೆ."

"ಪಂಚಾಂಗ ನಂಗೆ ಹೇಳ್ಕೊಡ್ತೀಯಾ?"

ಅವಳ ದನಿ ಏರಿತು. ಅವನದೂ ಏರಿತು. ಅಂದೇ ಶಶಿಕುಮಾರ್ ನಿಯಮ ತಿದ್ದುವ ಅಧಿಕಾರವನ್ನು ಅವಳಿಂದ ಕಿತ್ತುಕೊಂಡ. ಆನೆ ಬೋರ್ಡಿನ ಮೀಸಲನ್ನು ಹಿಂಡಿದ; ಅದರ ಆದ್ಯತೆಯನ್ನು ಎಲ್ಲಕ್ಕಿಂತ ಕೆಳಗಿಳಿಸಿದ; ಎಲ್ಲವನ್ನೂ ಎರಡೇ ಯಂತ್ರಗಳಿಗೆ ತುರುಕಿ ಬಾಡಿಗೆಗೆ ತಂದಿದ್ದ ಮೂರನೆಯದನ್ನು ಹಿಂದಿರುಗಿಸಿದ. ಇಂದು ಆ ಶುಕ್ರವಾರ. ಬ್ಯಾರನ್‌ಗಳೆಲ್ಲ ಹೊತ್ತಿಕೊಂಡಿದ್ದವು, ಮಂಟಪಗಳೆಲ್ಲ ತುಂಬಿದ್ದವು. ಸಂಜೆಯಾಗುತ್ತಲೇ ಎರಡೂ ಯಂತ್ರಗಳಿಗೆ ಉಸಿರುಗಟ್ಟಿತು. ಹಾಗಾದಾಗ ಶೆಡ್ಯೂಲರ್ ಮೊದಲು ಹೊರದಬ್ಬುವುದು ಕಡೆಯ ಆದ್ಯತೆಯದನ್ನೇ.

ಅವಳು ಮಾಲೀಕನ ಕೋಣೆಯ ಬಾಗಿಲು ತಳ್ಳಿದಳು. ಶಶಿಕುಮಾರನ ಪರದೆಯ ಮೇಲೆ ಹ್ಯಾಂಡ್‌ಪೋಸ್ಟ್ ಬಳಿಯ ಮಂಟಪದ ಆರತಕ್ಷತೆಯ ನೇರಪ್ರಸಾರ ನಡೆಯುತ್ತಿತ್ತು.

"ಆನೆ ಬೋರ್ಡು ಹೊರಗೆ ಬಿದ್ದಿದೆ. ಆದ್ಯತೆ ಮೇಲಕ್ಕೆ ಹಾಕಿ ಸರ್. ಈಗಲೇ."

"ಹಾಕಿದ್ರೆ ಏನಾಯ್ತದೆ?"

"ಈ ಮದುವೆ ನಿಲ್ಲುತ್ತೆ."

"ಇನ್ನೇನು ಫೋಟೋ ಸಾಲು ಕರಗ್ತಾ ಅದೆ. ಹತ್ತು ನಿಮಿಷ ತಡಿ. ಆನೆ ದಿನಾ ಬತ್ತವೆ, ಇಂಥ ಗಿರಾಕಿ ದಿನಾ ಬರಲ್ಲ."

"ನಮ್ಮಪ್ಪ ಆ ರಸ್ತೇಲಿದಾರೆ."

ಶಶಿಕುಮಾರ್ ಈಗ ತಲೆಯೆತ್ತಿದ. ಆದರೂ ಕೈ ಕೀಬೋರ್ಡಿನ ಮೇಲಿಂದ ಸರಿಯಲಿಲ್ಲ. "ಒಂದು ಯಂತ್ರ ಆರ್ಸಿ ಹತ್ಸೋಣ. ತಂತಾನೆ ಸರಿಹೋಯ್ತದೆ."

"ಆರಿಸಿದ್ರೆ ಅದರಲ್ಲಿರೋದೆಲ್ಲ ಇನ್ನೊಂದಕ್ಕೆ ನುಗ್ಗುತ್ತೆ. ನಿಮ್ಮ ನಿಯಮದಲ್ಲಿ ಮದುವೆಗೆ ಮೊದಲ ಜಾಗ. ಆನೆಗೆ ಆಮೇಲೂ ಸಿಗಲ್ಲ. ನೀವು ಬರೆದಿದ್ದು ನಿಮಗೇ ಗೊತ್ತಿಲ್ಲ."

"ಮಾತು ನೆಟ್ಟಗಿರ್ಲಿ ತಹಸೀನ್."

"ನಿಮ್ಮ ತಂದೆ ಅಲ್ಲಿದ್ದಿದ್ರೆ ಹತ್ತು ನಿಮಿಷ ಅಂತಿದ್ರಾ?"

ತಹಸೀನ್ ಉತ್ತರಕ್ಕೆ ಕಾಯಲಿಲ್ಲ. ಅವನು ಕೂತಿದ್ದ ಗಾಲಿಕುರ್ಚಿಯ ಬೆನ್ನು ಹಿಡಿದು ಅವನ ಸಮೇತ ಹಿಂದಕ್ಕೆಳೆದಳು. ಕುರ್ಚಿ ಗೋಡೆಗೆ ಬಡಿದು ನಿಂತಿತು. ಅವಳು ನಿಂತಲ್ಲಿಂದಲೇ ಬಗ್ಗಿ ಅವನ ಕೀಬೋರ್ಡಿನಲ್ಲಿ ಟೈಪ್ ಮಾಡತೊಡಗಿದಳು. ಬೆರಳು ತಪ್ಪಿತು. ಅಳಿಸಿ ಮತ್ತೆ ಬರೆದಳು. ಆನೆ ಬೋರ್ಡಿನ ಆದ್ಯತೆ ಎಲ್ಲಕ್ಕಿಂತ ಮೇಲೇರಿತು. ಹಳೆಯ ಮೀಸಲು ಮರಳಿತು. ಪರದೆಯಲ್ಲಿ ನಗುತ್ತಿದ್ದ ವಧೂವರರು ನಗುತ್ತಿದ್ದಂತೆಯೇ ಕಲ್ಲಾದರು.

"ಕೆಲಸದಿಂದ ತೆಗೀತೀನಿ ನಿನ್ನ," ಎಂದ ಶಶಿಕುಮಾರ್, ಗೋಡೆಯ ಬಳಿಯಿಂದ.

"ತೆಗೀರಿ. ಬೋರ್ಡು ಹತ್ತಲಿ, ಆಮೇಲೆ ತೆಗೀರಿ."

ಪೆಂಡಿಂಗ್ ಎಂಬ ಪದ ಹೋಗಿ 'ಆರಂಭವಾಗುತ್ತಿದೆ' ಎಂದು ಬಂತು. ಅಲ್ಲಿಯೇ ನಿಂತಿತು. ಪ್ರೋಗ್ರಾಂ ಎದ್ದು ಕೂರಬೇಕು, ರಾಶಿಬಿದ್ದ ಚಿತ್ರಗಳಲ್ಲಿ ಇತ್ತೀಚಿನದನ್ನು ತೆರೆಯಬೇಕು, ಆಮೇಲೆ ದೀಪ. ಅವಳು ಕಂಠಪ್ಪನಿಗೆ ಕರೆ ಮಾಡಿ ಫೋನನ್ನು ಮೇಜಿನ ಮೇಲಿಟ್ಟಳು.

"ಒಂದು ಗಾಡಿ ಬತ್ತಾ ಅದೆ ಕಣವ್ವ," ಎಂದ ಕಂಠಪ್ಪ ಪಿಸುದನಿಯಲ್ಲಿ. "ಒಂಟಿ ಲೈಟು. ಸೌದೆ ಗಾಡಿ ಇರಬೇಕು. ಮುಂದ್ಗಡೆ ಆನೆ ಆಗ್ಲೇ ಟಾರ್ ಮೇಲೆ ಕಾಲಿಟ್ಟದೆ."

ತಹಸೀನ್ ಮೇಜಿನ ಅಂಚನ್ನು ಹಿಡಿದುಕೊಂಡಳು. ಶಶಿಕುಮಾರ್ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತ.

"ಬತ್ತಾನೇ ಅದೆ," ಎಂದ ಕಂಠಪ್ಪ. "ನಿಲ್ಸಾ ಅಂಗೆ ಕಾಣ್ನಿಲ್ಲ."

ಪರದೆಯ ಪದ ಹಸಿರಾಯಿತು.

"ಅತ್ಕತು. ಕೆಂಪು ದೀಪ ಅತ್ಕತು." ನಂತರ ಬರೀ ಅವನ ಉಸಿರು ಕೇಳಿಸಿತು. ದೂರದಲ್ಲಿ ಎಲ್ಲೋ ಒಂದು ಘೀಳು. "ಲೈಟು ನಿಂತ್ಕತು. ಇಲ್ಲ, ಇಲ್ಲ, ಇಂದಕ್ಕೆ ಓಯ್ತಾ ಅದೆ. ಸೌದೆ ಎಲ್ಲಾ ರಸ್ತೆಗ್ ಬಿತ್ತು. ಓದ್ರೆ ಓಯ್ತು ಬುಡು, ಗಾಡಿ ದೂರ ಓಯ್ತು. ಆನೆ ಈ ಕಡೆಗ್ ದಾಟ್ಕತು."

ತಹಸೀನ್ ಕುರ್ಚಿಯತ್ತ ನೋಡಿದಳು. ಕೂರಲಿಲ್ಲ. ಕೂತರೆ ಸಿಟ್ಟೂ ಕೂತುಬಿಡುತ್ತದೆಂಬ ಭಯ ಅವಳಿಗೆ.

ಶಶಿಕುಮಾರ್ ನಿಂತುಹೋಗಿದ್ದ ಮದುವೆಯ ಚಿತ್ರದತ್ತ ಕೈ ತೋರಿಸಿದ. "ಸದ್ಯ ಏನೂ ಆಗ್ಲಿಲ್ವಲ್ಲ. ಈಗ ಮದುವೆಗೂ ಒಸಿ ಜಾಗ ಮಾಡಮ್ಮ."

ಕಂಠಪ್ಪನ ಕರೆ ಕಡಿದಿತ್ತು; ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಖದೀರ್. ಗಾಡಿಯನ್ನು ರಸ್ತೆ ಬದಿಗೆ ಹಾಕಿ ಮಾತಾಡುತ್ತಿದ್ದರು, ಸ್ವರ ಒಡೆದಿತ್ತು.

"ಬೇಟಾ, ಆನೆ ಕಣ್ಮುಂದೆನೇ ನಿಂತಿತ್ತು. ಇನ್ನು ನಾಲ್ಕು ಮಾರು ಹೋಗಿದ್ರೆ ಮುಗೀತಿತ್ತು. ಬೋರ್ಡು ಇಷ್ಟೊತ್ತು ಯಾಕೆ ಆರಿತ್ತು?"

ತಹಸೀನ್ ಫೋನನ್ನು ಶಶಿಕುಮಾರನ ಮುಂದೆ ಹಿಡಿದಳು.

"ನನ್ನಪ್ಪ ಕೇಳ್ತಾ ಇದಾರೆ," ಎಂದಳು. "ಹೇಳಿ."

ಅವನು ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಫೋನು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.