ಎಂಟನೆಯ ಗಿಡ

ಉಮಾಶಂಕರರು, ಏನನ್ನು ಕೈಗಿತ್ತರೂ, ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತಾರೆ. ನಮ್ಮ ಮನೆಯ ಉಪ್ಪಿನಕಾಯಿ ಭರಣಿಯನ್ನೂ ಎತ್ತಿ ತಯಾರಿಕೆಯ ದಿನಾಂಕ ಹುಡುಕಿದ ಮಹಾನುಭಾವರು. ಇಪ್ಪತ್ತು ವರ್ಷಗಳಿಂದ ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕರಾಗಿರುವ ಈ ಮೈಸೂರಿನವರ ಕೋಟಿನ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ, ನಾಲಗೆಯ ತುದಿಯಲ್ಲಿ ಸದಾ ಒಂದೇ ಪ್ರಶ್ನೆ: "ಇದ್ರಲ್ಲಿ ಏನೇನಿದೆ?" ನಡೆಯುವಾಗಲೂ, ನೆಲದ ಮೇಲೆ ಯಾರೋ ಸಣ್ಣಕ್ಷರದಲ್ಲಿ ಬರೆದಿದ್ದಾರೆಂಬಂತೆ ಬಗ್ಗಿಯೇ ನಡೆಯುತ್ತಾರೆ.

ನೈರೋಬಿಯ ಎಂಬಕಸಿ ಬಡಾವಣೆಯಲ್ಲಿ ಅವರ ಮನೆಗೆ ಹತ್ತಿರವೇ ಬೇರು, ತೊಗಟೆ ಮಾರುವ ಮಾಮಾ ಮುತೋನಿಯ ಅಂಗಡಿ; ಅಲ್ಲಿನವರ ಮಾತಿನಲ್ಲಿ ಮಾಮಾ ಎಂದರೆ ಅಮ್ಮ. ಆಕೆಯ ಕಷಾಯದಿಂದ ಮಂಡಿನೋವು ಕಳೆದುಕೊಂಡವರಲ್ಲಿ ನಾನೂ ಒಬ್ಬ. ಅದಕ್ಕಾಗಿ ಉಮಾಶಂಕರರಿಂದ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಪರವಾನಗಿ ಇಲ್ಲದೆ ಮಾರಕೂಡದೆಂದು ನೋಟೀಸು ಬಂದಾಗ ಆಕೆ ಅರ್ಜಿ ಹಿಡಿದು ಬಂದದ್ದು ಮಾತ್ರ ಅವರ ಬಾಗಿಲಿಗೇ. ಅವರು ಮೂರು ಭಾನುವಾರ ಆಕೆಯ ಅಂಗಡಿಯಲ್ಲಿ ಕೂತು ಏಳು ಗಿಡಗಳ ಹೆಸರು ಬರೆದರು. ಎಂಟನೆಯದನ್ನು ಆಕೆ ಹೇಳಲಿಲ್ಲ. ಅಜ್ಜಿಗೆ ಮಾತು ಕೊಟ್ಟಿದ್ದಳಂತೆ, ಹೇಳಿದರೆ ಗುಣ ಹೋಗುತ್ತದಂತೆ. ಮೇಲಾಗಿ, ನಾಳೆ ಯಾವುದೋ ಕಾರ್ಖಾನೆ ಅದನ್ನೇ ಸೀಸೆಯಲ್ಲಿ ತುಂಬಿ ಮಾರಿದರೆ ತಡೆಯುವವರು ಯಾರು ಎಂದಳು.

ಕುಡಿದವರ ಯಕೃತ್ತು ಕೆಟ್ಟರೆ ವೈದ್ಯರು ಏನೆಂದು ಊಹಿಸಬೇಕು ಎಂದು ಉಮಾಶಂಕರರು ರೇಗಿದರು. ವಾದ ನ್ಯಾಯವೇ, ಕುಡಿದವರಲ್ಲೊಬ್ಬನಾದ ನಾನು ಪಕ್ಕದಲ್ಲೇ ಕೂತಿದ್ದೆ. ಮುತೋನಿ ಶಾಂತವಾಗಿ, ನಿಮ್ಮ ಊರಿನಲ್ಲಿ ಎಲ್ಲರೂ ಹೇಳಿಬಿಡುತ್ತಾರೆಯೇ ಎಂದು ಕೇಳಿದಳು. ಅವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟು ಎದ್ದುಬಂದರು.

ದಾರಿಯಲ್ಲಿ, ನೆಲ ನೋಡುತ್ತಲೇ ಹೇಳಿದರು: "ನಮ್ಮಜ್ಜಿ ಕಾಮಾಲೆಗೆ ಒಂದು ಸೊಪ್ಪು ಅರೆದು ಕೊಡ್ತಿದ್ರು ಕಣ್ರೀ. ಸಾಯೋ ಮುಂಚೆ ನನಗೊಬ್ಬನಿಗೇ ಗಿಡ ತೋರಿಸಿದ್ರು. ಇವತ್ತಿನವರೆಗೂ ಹೆಂಡ್ತಿಗೂ ಹೇಳಿಲ್ಲ."

ಯಾಕೆಂದು ಕೇಳಿದೆ.

"ಅದೇ ಗೊತ್ತಾಗ್ತಿಲ್ಲ. ಲ್ಯಾಬಲ್ಲಿ ಟೆಸ್ಟ್ ಮಾಡೋಣ ಅಂತ ಒಂದ್ಸಲಾನೂ ಅನ್ನಿಸಿಲ್ಲ, ನೋಡಿ."

ಅರ್ಜಿಯಲ್ಲಿ, ಎಲ್ಲ ಪದಾರ್ಥಗಳೂ ನಮೂದಾಗಿವೆ ಎಂಬ ಸಾಲಿನ ಕೆಳಗೆ ಪರೀಕ್ಷಕರಾಗಿ ಅವರ ಸಹಿ ಬೇಕಿತ್ತು. ಕೊನೆಯ ದಿನದವರೆಗೂ ಅವರು ಸಹಿ ಹಾಕಲಿಲ್ಲ, ಅರ್ಜಿಯನ್ನು ಹಿಂದಿರುಗಿಸಲೂ ಇಲ್ಲ. ಈಗ ಅಂಗಡಿಗೆ ಬೀಗ ಬಿದ್ದಿದೆ, ನನ್ನ ಮಂಡಿನೋವು ಮರಳಿದೆ. ಅವರು ಮಾಡಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿಯದು. ನನಗೆ ದುಃಖವಾಗಿದೆ ಎಂಬುದಷ್ಟೇ ಖಚಿತ. ಮೊನ್ನೆ ನಮ್ಮಲ್ಲಿ ಊಟಕ್ಕೆ ಬಂದವರು ಉಪ್ಪಿನಕಾಯಿಯನ್ನು ಭರಣಿ ತಿರುಗಿಸದೆಯೇ ಬಡಿಸಿಕೊಂಡರು. ಜಗತ್ತಿನ ಸಕಲವೂ ಬೆಳಕಿಗೆ ಬರಲೆಂದು ಜೀವಮಾನವಿಡೀ ಹಟ ಹಿಡಿಯುವ ಇಂಥ ಪ್ರಾಮಾಣಿಕರು, ತಮ್ಮ ಮುಷ್ಟಿಯಲ್ಲೂ ಒಂದು ಎಲೆ ಇದೆಯೆಂದು ಕಂಡುಕೊಂಡ ದಿನ, ಮುಷ್ಟಿ ಬಿಚ್ಚಲಾರರು. ಇನ್ನೊಬ್ಬರಿಗೆ ಬಿಚ್ಚೆನ್ನಲೂ ಆರರು.