ಬಾಗಿದ ಹೆಡ್ಡು

ವ್ಯಾನು ಗೋರ್ವಾದ ರಸ್ತೆಯಲ್ಲಿ ಬಿಳಿ ಹೊಗೆ ಕಾರಿ ನಿಂತದ್ದು ಬೆಳಿಗ್ಗೆ. ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವುದರೊಳಗೆ ಜಲಜೆಯ ಹೆಸರು ಪೂರ್ತಿ ಕೆಟ್ಟಿತ್ತು. ಸಾಂಬಾರು ಕುದಿಯುವುದಕ್ಕಾದರೂ ಸ್ವಲ್ಪ ಹೊತ್ತು ಬೇಕು, ಹೆಣ್ಣಿನ ಹೆಸರು ಕೆಡಿಸುವುದಕ್ಕೆ ಅಷ್ಟೂ ಬೇಡ.

"ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋದದ್ದು ಕಾಣ್ಲಿಲ್ವಾ ನಿಂಗೆ? ಕಣ್ಣು ಎಲ್ಲಿಟ್ಟಿದ್ದೆ?" ಎಂದ ಶಂಕರನಾರಾಯಣ, ಗಲ್ಲಾದ ಹಿಂದೆ ಕೂತಲ್ಲಿಂದಲೇ, ನಾಲ್ಕು ಗಿರಾಕಿಗಳಿಗೆ ಕೇಳುವ ಹಾಗೆ. ಜಲಜೆಯ ಗಂಡ ವಾಮನನ ಅಣ್ಣ ಅವನು. ವಡೋದರಾದ ಅಲಕಾಪುರಿಯಲ್ಲಿರುವ ಆ ಉಡುಪಿ ಹೋಟೆಲಿನ ಯಜಮಾನ. ಅವನ ನಾಲಿಗೆ ಎಂದೂ ರಜೆ ತೆಗೆದುಕೊಂಡದ್ದಿಲ್ಲ.

"ಮುಳ್ಳು ಏರಿದ್ದು ಕಂಡ ಕೂಡಲೇ ಬದಿಗೆ ನಿಲ್ಲಿಸಿ ಬಂದ್ ಮಾಡಿದ್ದೇನೆ ಭಾವ."

"ಸುಳ್ಳು. ಬಂದ್ ಮಾಡಿದ್ರೆ ಎಂಜಿನ್ ಹೀಗೆ ಬೇಯ್ತಿತ್ತಾ? ಇಡ್ಲಿ ಬೇಯಿಸಿದ ಹಾಗೆ ಬೇಯಿಸಿ ತಂದಿದ್ದೀ."

ಜಲಜೆ ವಾಮನನ ಮುಖ ನೋಡಿದಳು, ವ್ಯಾನು ನಿಂತಾಗ ಪಕ್ಕದಲ್ಲಿ ಕೂತಿದ್ದವನು ಅವನೇ. ಅವನು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದ. "ಅದು ಯಂತ್ರ ಅಲ್ವಾ, ಹಾಳಾಗ್ತದೆ ಒಮ್ಮೊಮ್ಮೆ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅತ್ತ ಅಣ್ಣನಿಗೂ ಬೆಳಕಿಲ್ಲ, ಇತ್ತ ಹೆಂಡತಿಗೂ ಇಲ್ಲ.

ಆ ವ್ಯಾನು ಜಲಜೆಗೆ ಏನಾಗಿತ್ತೆಂದು ತಿಳಿಯಬೇಕಾದರೆ ಹೋಟೆಲಿನ ಹಿಂದಿನ ಗ್ರೈಂಡರ್ ಕೋಣೆ ನೋಡಬೇಕು. ಕಿಟಕಿ ಇಲ್ಲ, ಇರುವ ಒಂದು ಬಲ್ಬಿಗೆ ಹಿಟ್ಟಿನ ಧೂಳು. ಮದುವೆಯಾಗಿ ಬಂದಂದಿನಿಂದ ಅಲ್ಲೇ ಅಕ್ಕಿ ರುಬ್ಬಿ, ಅಲ್ಲೇ ತೆಂಗಿನಕಾಯಿ ತುರಿದು, ಅವಳ ಕಿವಿಯೊಳಗೆ ರಾತ್ರಿಯೂ ಕಲ್ಲು ತಿರುಗುತ್ತಿತ್ತು. ಡ್ರೈವರ್ ಹೇಳದೆ ಕೇಳದೆ ಓಡಿಹೋದ ವರ್ಷ ಅವಳೇ ಹಟ ಹಿಡಿದು ಗಾಡಿ ಕಲಿತಳು. ಗೋರ್ವಾದ ಕಾರ್ಖಾನೆಗಳ ಕ್ಯಾಂಟೀನಿಗೆ ಬೆಳಗಿನ ತಿಂಡಿ ಒಯ್ಯುವ ಕೆಲಸ ತಾನೇ ಮಾತಾಡಿ ಹಿಡಿದಳು. ಗೇಟಿನವರು "ಆವೋ ಜಲಜಾಬೆನ್" ಎಂದು ಸಲಾಮು ಹೊಡೆಯುವಾಗ ಅವಳಿಗೆ ತಾನೂ ಒಂದು ಜನ ಅನ್ನಿಸುತ್ತಿತ್ತು. ಆ ಕೀ ಕೈ ತಪ್ಪಿದರೆ ಮತ್ತೆ ಅದೇ ಬಲ್ಬು, ಅದೇ ಕಲ್ಲು.

ಭಾವನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಅಲ್ಲಿಗೆ ಕೈ ಹಾಕಿದ.

"ಗ್ಯಾರೇಜಿನವರು ಎಂಜಿನ್ನಿನ ಹೆಡ್ಡು ಬಿಚ್ಚಲಿ. ಬಿಸಿಗೆ ಬಾಗಿದೆ ಅಂತಾದ್ರೆ ತಪ್ಪು ಓಡಿಸಿದವಳದ್ದು. ಮಣಿನಗರದಿಂದ ಜನಾರ್ದನನನ್ನು ಕರೆಸ್ತೇನೆ, ಕೀ ಅವನಿಗೆ. ನೀನು ಗ್ರೈಂಡರಿಗೆ. ಒಪ್ಪಿಗೆ ಉಂಟಾ?"

ಜನಾರ್ದನ ಅವನ ಹೆಂಡತಿಯ ತಮ್ಮ. ಅಹಮದಾಬಾದಿನ ಆ ಮಣಿನಗರದಲ್ಲಿ ಯಾರದೋ ಹೋಟೆಲಿನಲ್ಲಿ ಕೂತು ಉಣ್ಣುತ್ತಿದ್ದವನಿಗೆ ಇಲ್ಲಿ ಕೆಲಸ ಹುಡುಕುವುದು ಶಂಕರನಾರಾಯಣನ ಬಹಳ ದಿನದ ಆಸೆ. ಜಲಜೆ ಒಪ್ಪಿದಳು. ತಾನು ತಪ್ಪು ಮಾಡಿಲ್ಲ ಎಂಬುದೊಂದೇ ಅವಳ ಧೈರ್ಯ. ಆ ಮನೆಯಲ್ಲಿ ಅದು ಏನೇನೂ ಸಾಲದು.

ಮರುದಿನ ಜಲಜೆ, ವಾಮನ, ಭಾವ ಮೂವರೂ ವ್ಯಾನು ಬಿಟ್ಟಿದ್ದ ಗೋರ್ವಾದ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಹಸ್ಮುಖಭಾಯ್ ಹೆಡ್ಡು ಬಿಚ್ಚಿ ಬೆಂಚಿನ ಮೇಲೆ ಮಗುಚಿ ಹಾಕಿದ್ದ. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಅಲ್ಯೂಮಿನಿಯಮ್ ಗಟ್ಟಿ ಅದು. ಅವನಿಗೂ ಆ ದಿನ ಯಾರ ಮೇಲೂ ಪ್ರೀತಿ ಇದ್ದಂತಿರಲಿಲ್ಲ. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು, ಹಿಂದಿನಿಂದ ಟಾರ್ಚು ಹಿಡಿದ. ಪಟ್ಟಿಯ ಕೆಳಗೆ ನಡುವಿನಲ್ಲಿ ಬೆಳಕಿನ ಗೆರೆ ಹಾದು ಬಂತು.

"ಬಾಗಿದೆ," ಎಂದ ಹಿಂದಿಯಲ್ಲಿ.

ಶಂಕರನಾರಾಯಣ ಜೇಬಿನಿಂದ ಫೋನು ತೆಗೆದ. "ಜನಾರ್ದನಾ, ನಾಳೆ ಬೆಳಿಗ್ಗೆ ರೈಲಿಗೆ ಕೂತುಕೋ ಮಾರಾಯಾ," ಎಂದು ಅಲ್ಲೇ ನಿಂತು ಹೇಳಿದ. ಜಲಜೆಯ ಕಡೆ ನೋಡಿ ನಕ್ಕ. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಅವರೆದುರು ಅಳುವುದಕ್ಕಿಂತ ಸಾಯುವುದು ಲೇಸು ಎಂದು ಹಲ್ಲು ಕಚ್ಚಿ ನಿಂತಳು.

"ಲೇತಿಗೆ ಕೊಟ್ಟು ಸಮ ಮಾಡಿಸಿದ್ರೆ ಸಾಕಲ್ಲ?" ಎಂದು ಭಾವ ಮೆಕ್ಯಾನಿಕ್ಕನ್ನು ಕೇಳಿದ.

"ಬರೇ ಬಾಗಿದ್ದರೆ ಸಾಕಿತ್ತು." ಹಸ್ಮುಖಭಾಯ್ ಸ್ಕ್ರೂಡ್ರೈವರಿನ ತುದಿಯಿಂದ ಹೆಡ್ಡಿನ ನೀರಿನ ತೂತುಗಳ ಅಂಚನ್ನು ಕೆದಕಿದ. ಲೋಹ ಪುಡಿಪುಡಿಯಾಗಿ ಉದುರಿತು. ಇಲಿ ತಿಂದ ರೊಟ್ಟಿಯ ಹಾಗಿತ್ತು ಅಂಚು. "ಇದನ್ನು ಏನೋ ತಿಂದಿದೆ. ನೀರು ಸೋರಿದೆ, ಹೋಗುವ ದಾರಿಯೂ ಕಟ್ಟಿದೆ. ಹೀಗಿದ್ದರೆ ಯಾರು ಓಡಿಸಿದರೂ ಬಿಸಿಯಾಗುವುದೇ. ಸಮ ಮಾಡಿಸಿ ಪ್ರಯೋಜನವಿಲ್ಲ, ಬೇರೆ ಹೆಡ್ಡೇ ಬೇಕು. ಇದರೊಳಗೆ ಏನು ಸುರಿದಿರಿ?"

"ಇವಳನ್ನೇ ಕೇಳು. ಗಾಡಿ ಇವಳದ್ದೇ ಕೈಯಲ್ಲಿತ್ತು," ಎಂದ ಭಾವ, ಒಂದು ಚೂರೂ ಅಳುಕದೆ.

ಜಲಜೆ ಬಗ್ಗಿದಳು. ಬೆಂಚಿನ ಕೊನೆಯಲ್ಲಿ, ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ತರುವ ರಬ್ಬರ್ ಪೈಪು ಬಿದ್ದಿತ್ತು. ಅದರ ಬಾಯಿಗೆ ಕಂದು ಬಣ್ಣದ ಏನೋ ಮೆತ್ತಿತ್ತು. ಬೆರಳು ಹಾಕಿ ಎಳೆದಳು. ಉದ್ದಕ್ಕೆ ಬಂತು, ನಾರು. ಮೂಗಿಗೆ ಹಿಡಿದಳು. ಎಣ್ಣೆಯ ನಾತದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ದಿನಾ ಬೆಳಗಾದರೆ ಸಾಂಬಾರಿಗೆ ಹುಣಸೆಹುಳಿ ಕಿವುಚುವ ಕೈ ಅವಳದ್ದು, ಹುಳಿಯ ನಾರು ಅವಳಿಗೆ ಹೊಸತಲ್ಲ.

ಕಳೆದ ಆಯುಧಪೂಜೆಯ ಹಿಂದಿನ ದಿನ ನೆನಪಿಗೆ ಬಂತು. ವರ್ಷಕ್ಕೊಮ್ಮೆ ಹೋಟೆಲಿನ ಪಾತ್ರೆ, ಗಂಟೆ, ದೀಪ ಎಲ್ಲವನ್ನೂ ಹುಳಿಯಲ್ಲಿ ತಿಕ್ಕುವುದು ಮನೆತನದ ಪದ್ಧತಿ. ಬೋರ್‌ವೆಲ್ ನೀರಿಗೆ ಇಡ್ಲಿ ಸ್ಟೀಮರಿನೊಳಗೆ ಕಟ್ಟುವ ಬಿಳಿ ಸುಣ್ಣದ ಹೊಪ್ಪಳಿಕೆಯನ್ನೂ ಹುಳಿನೀರು ಕುದಿಸಿಯೇ ತೆಗೆಯುವುದು. ಆ ದಿನ ಒಂದು ಕೊಡ ಹುಳಿನೀರು ಉಳಿದಿತ್ತು. ಅದನ್ನು ಹೊತ್ತು ವಾಮನ ವ್ಯಾನಿನ ಕಡೆ ಹೋದದ್ದನ್ನು ಅವಳು ಕಂಡಿದ್ದಳು. ಚಕ್ರದ ಕಪ್ಪು ತೊಳೆಯಲಿಕ್ಕೆ ಎಂದುಕೊಂಡು ಸುಮ್ಮನಾಗಿದ್ದಳು.

ನಾರನ್ನು ಗಂಡನ ಮುಖದ ಎದುರು ಹಿಡಿದಳು. "ಇದೆಂತದು ಹೇಳಿ."

ವಾಮನ ನೆಲ ನೋಡಿದ. "ಅಣ್ಣ ಹೇಳಿದ್ದು. ಸ್ಟೀಮರಿಗೆ ಆಗುದಾದ್ರೆ ರೇಡಿಯೇಟರಿಗೆ ಯಾಕೆ ಆಗುದಿಲ್ಲ, ಹಾಕು ಅಂತ."

"ಹಾಕ್ಲಿಕ್ಕೆ ಹೇಳಿದ್ದು ಹೌದು," ಎಂದು ಶಂಕರನಾರಾಯಣ ಮೇಲೆರಗಿದ. "ಹೊಪ್ಪಳಿಕೆ ಬಿಟ್ಟ ಮೇಲೆ ತೆಗೀಬೇಕು, ಇಲ್ಲದಿದ್ರೆ ಹುಳಿ ಲೋಹವನ್ನೇ ತಿಂತದೆ ಅಂತ ಅಷ್ಟು ದೊಡ್ಡವನಿಗೆ ಬೇರೆ ಹೇಳ್ಬೇಕಾ? ಮರೆತದ್ದು ನೀನು."

"ಮರುದಿನ ಪೂಜೆ, ಗಿರಾಕಿ ಜಾಸ್ತಿ ಇದ್ರು, ಹಾಗೇ ಉಳೀತು."

ಎಂಥ ಅಣ್ಣತಮ್ಮಂದಿರು! ಮೊಸರು ತಿಂದ ಕೋತಿಗಳು ಎರಡು, ಒರೆಸಿಕೊಳ್ಳಲಿಕ್ಕೆ ಮೇಕೆಯ ಬಾಯಿ ಒಂದೇ. ಹುಳಿ ಹಾಕಿಸಿದವನು ನೆನಪಿದ್ದೂ ಬೈದ. ಹಾಕಿದವನು ನೆನಪಿದ್ದೂ ಲೋಟ ಒರೆಸಿದ. ಜಲಜೆಗೆ ಭಾವನ ಮೇಲೆ ಸಿಟ್ಟು ಬರಲಿಲ್ಲ, ಅವನು ಮೊದಲಿನಿಂದಲೂ ಅಂಥವನೇ.

"ನಿಮಗೆ ಗೊತ್ತಿತ್ತು," ಎಂದಳು ಗಂಡನಿಗೆ. "ವ್ಯಾನು ನಿಂತ ದಿನವೇ ಗೊತ್ತಿತ್ತು. ನನ್ನನ್ನು ಬೈಯುವಾಗ ಹತ್ತಿರವೇ ನಿಂತಿದ್ರಿ."

"ಅಣ್ಣನ ಎದುರು ಎಂತ ಹೇಳುದು ಜಲಜಾ?"

ಅವಳು ನಾರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಹೋಟೆಲಿಗೆ ಬಂದವಳೇ ಗಲ್ಲಾದ ಹಿಂದಿನ ದೇವರ ಪಟದ ಎದುರು, ಅರಶಿನ ಕುಂಕುಮದ ಬಟ್ಟಲ ಪಕ್ಕದಲ್ಲಿ ಅದನ್ನು ಇಟ್ಟಳು. ಶಂಕರನಾರಾಯಣ ನೋಡಿದ, ತೆಗೆಯಲಿಲ್ಲ. ಅಡುಗೆಯವರಿಗೆಲ್ಲ ವಿಷಯ ಮುಟ್ಟಿಯಾಗಿತ್ತು, ತೆಗೆದರೆ ಇನ್ನೂ ನಗೆಪಾಟಲು. ಜನಾರ್ದನನಿಗೆ ಮತ್ತೊಂದು ಫೋನು ಹೋಯಿತು, ಈ ಸಲ ಮೆಲುದನಿಯಲ್ಲಿ. ಮಣಿನಗರದಲ್ಲೇ ಇರು, ಮತ್ತೆ ನೋಡುವ, ಎಂದು.

ಹೊಸ ಹೆಡ್ಡು ಕೂತು ವ್ಯಾನು ಹೋಟೆಲಿಗೆ ಬಂದ ಬೆಳಿಗ್ಗೆ, ಚಕ್ರದಡಿ ನಿಂಬೆಹಣ್ಣು ಇಟ್ಟು ಆರತಿ ಎತ್ತಿದರು. ಕೀಯನ್ನು ಶಂಕರನಾರಾಯಣ ಅವಳ ಕೈಗೆ ಕೊಡಲಿಲ್ಲ, ಗಲ್ಲಾದ ಕಲ್ಲಿನ ಮೇಲೆ ಜಾರಿಸಿ ಬಿಟ್ಟ. ಕ್ಷಮೆ ಕೇಳುವುದು ಆ ವಂಶದಲ್ಲಿ ಯಾರಿಗೂ ಕಲಿಸಿರಲಿಲ್ಲ. ಜಲಜೆ ಕೀ ಎತ್ತಿಕೊಂಡಳು.

ಇಡ್ಲಿಯ ಡಬ್ಬಿ, ಸಾಂಬಾರಿನ ಪಾತ್ರೆ ಏರಿಸಿಯಾಗಿತ್ತು. ಪ್ರತಿದಿನದಂತೆ ವಾಮನ ಎಡಗಡೆಯ ಬಾಗಿಲು ತೆಗೆದು ಕೂತ. ಗೋರ್ವಾಕ್ಕೆ ಹೋಗಿ ಪಾತ್ರೆ ಇಳಿಸಿಕೊಟ್ಟು, ಮಾರುಕಟ್ಟೆಯ ಸಾಮಾನು ತೆಗೆದುಕೊಂಡು ಬರುವುದು ಅವನ ರೂಢಿ.

"ಇಳೀರಿ," ಎಂದಳು ಜಲಜೆ.

"ಪಾತ್ರೆ ಭಾರ ಉಂಟು. ಯಾರು ಇಳಿಸುದು?"

"ನಾನೇ ಇಳಿಸ್ತೇನೆ. ಇವತ್ತಿಂದ ನೀವು ಈ ಗಾಡಿ ಹತ್ತುದು ಬೇಡ."

ಅವನು ಗಲ್ಲಾದ ಕಡೆ ನೋಡಿದ. ಅಣ್ಣ ಪೇಪರು ಅಡ್ಡ ಹಿಡಿದಿದ್ದ. ವಾಮನ ಇಳಿದು, ಬಾಗಿಲು ಹಿಡಿದುಕೊಂಡೇ ನಿಂತ. "ಹಾಗಾದ್ರೆ ನಾನು ಮಾರ್ಕೆಟಿಗೆ ಹೇಗೆ ಹೋಗುದು?"

ಜಲಜೆ ಗೇರು ಹಾಕಿದಳು. ಚಕ್ರದಡಿ ನಿಂಬೆಹಣ್ಣು ಒಡೆಯಿತು.

"ನಿಮ್ಮ ಅಣ್ಣನ ಹತ್ರ ಕೇಳಿ," ಎಂದಳು.